ನಾದಿನಿಗೆ ಕೊಟ್ಟ ಗುಳಿಗೆ

ಮಸ್ಕಿಯಲ್ಲಿ ನನ್ನ ತೂಕ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಹಮಾಲರಿಗೆ. ಪ್ರತಿ ತಿಂಗಳು ತೂಕ ಬರೆದುಕೊಂಡು ಬಾ ಎಂದು ಲಿಂಗಸುಗೂರಿನ ಡಾಕ್ಟರು ಹೇಳಿದ್ದರು. ನಮ್ಮ ಮನೆಯವರು ಕೆಲಸಕ್ಕಿದ್ದ ಗೊಬ್ಬರದ ಅಂಗಡಿಯಲ್ಲಿ ಚೀಲ ತೂಗುವ ಕಾಟಾ ಇತ್ತು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ನೋಡಿ ಸೆರಗು ಹೊದ್ದು ಹೋಗಿ ಅದರ ಮೇಲೆ ನಿಲ್ಲುತ್ತಿದ್ದೆ. ಒಂದು ದಿನ ಹಮಾಲನೊಬ್ಬ, "ಅಕ್ಕಾರು ಒಂದೂವರಿ ಚೀಲ ಆಗ್ಯಾರ್ರೀ" ಎಂದ. ಉಳಿದವರು ನಕ್ಕರು. ನಮ್ಮ ಮನೆಯವರೂ ನಕ್ಕರು. ಹಮಾಲರನ್ನು ನಾನು ಎಂದೋ ಮರೆತಿದ್ದೇನೆ, ಇವರ ಆ ನಗೆಯನ್ನು ಮಾತ್ರ ಇನ್ನೂ ಕ್ಷಮಿಸಿಲ್ಲ.

ಅದು ಎಂಬತ್ತರ ದಶಕದ ಕೊನೆ. ನನಗೆ ಇಪ್ಪತ್ತಾರು ವರ್ಷ. ಮದುವೆಯಾದ ಎರಡನೇ ವರ್ಷಕ್ಕೆ ಕೈಕಾಲಿನ ಕೀಲುಗಳೆಲ್ಲ ಬಾತು, ರೊಟ್ಟಿ ಬಡಿಯಲು ಕೂತರೆ ಅಳುವೇ ಬರುತ್ತಿತ್ತು. ಡಾಕ್ಟರು ಎರಡು ನಮೂನೆ ಗುಳಿಗೆ ಬರೆದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವುದು ಥೈರಾಯ್ಡಿನದು. ಗಂಟಲಿನ ಗ್ರಂಥಿ ಮಂದ ಆಗಿದೆ, ಇದು ಜೀವನಪೂರ್ತಿ ಬೇಕು ಎಂದರು. ಉಂಡ ಮೇಲೆ ನುಂಗುವುದು ಸ್ಟಿರಾಯ್ಡು. ಅದು ನೋವನ್ನು ಎಂಟೇ ದಿನದಲ್ಲಿ ಓಡಿಸಿತು. ಆಮೇಲೆ ನನ್ನ ಮುಖವನ್ನೂ ಓಡಿಸಿತು. ಕೆನ್ನೆ ಉಬ್ಬಿ ಕಣ್ಣು ಸಣ್ಣಗಾದವು, ಕತ್ತಿನ ಹಿಂದೆ ಗಡ್ಡೆಯಂತೆ ಮಾಂಸ ಕೂತಿತು, ಮದುವೆಯ ಕುಪ್ಪಸಗಳು ತೋಳಿನಲ್ಲೇ ಸಿಕ್ಕಿಕೊಂಡವು.

"ಗುಳಿಗಿ ತಿಂದು ಯಾರರ ದಪ್ಪ ಆಗ್ತಾರೇನು? ನಾನೂ ತಲಿನೋವಿಗೆ ತಿಂತೀನಿ, ನಾ ಆಗೀನೇನು? ಕದ್ದು ತಿಂದದ್ದು ಹಂಗ ಎದ್ದು ಕಾಣತೈತಿ ಬೇ" ಎಂದರು ಅತ್ತೆ. ಅಂದಿನಿಂದ ಬುಟ್ಟಿಯ ರೊಟ್ಟಿ ಎಣಿಸತೊಡಗಿದರು. ಡಾಕ್ಟರು ಉಪ್ಪು ಕಡಿಮೆ ಮಾಡು ಅಂದಿದ್ದಾರೆ ಎಂದು ನಾನು ಒಂದು ಸಣ್ಣ ಗಡಿಗೆಯಲ್ಲಿ ಬೇರೆ ಬೇಳೆ ಬೇಯಿಸಿದರೆ, "ಮನಿಯೊಳಗ ಇನ್ನೊಂದು ಒಲಿ ಹೂಡ್ಯಾಳ" ಎಂದು ಓಣಿಗೆಲ್ಲ ಸಾರಿದರು. ಬೆಳಿಗ್ಗೆ ಶಾಸನದ ಗುಡ್ಡದ ತನಕ ನಡೆದು ಬರುತ್ತಿದ್ದೆ. ಕೆಲಸ ತಪ್ಪಿಸಲು ತಿರುಗುತ್ತಾಳೆ ಎಂದು ಅದನ್ನೂ ನಿಲ್ಲಿಸಿದರು.

ಸತ್ಯ ಹೇಳುತ್ತೇನೆ, ಕದ್ದು ತಿಂದದ್ದೂ ಇದೆ. ಆ ಗುಳಿಗೆ ತರುವ ಹಸಿವು ತಿಂದವರಿಗೇ ಗೊತ್ತು. ಸಂಜೆ ನಾಲ್ಕಾದರೆ ತಡೆಯಲಾಗುತ್ತಿರಲಿಲ್ಲ. ಕಾಳು ತುಂಬಿಡುವ ಗುಮ್ಮಿಯ ಹಿಂದೆ ನಿಂತು ಹಸಿ ಶೇಂಗಾ ಮುಕ್ಕುತ್ತಿದ್ದೆ. ಅಲ್ಲಿ ನನ್ನನ್ನು ಹಿಡಿದದ್ದು ನಾದಿನಿ. ಮನೆಯವರ ತಂಗಿ, ಇಪ್ಪತ್ತೊಂದರ ಹುಡುಗಿ, ಕಡ್ಡಿಯಷ್ಟು ತೆಳ್ಳಗೆ. "ಎವ್ವಾ, ಗುಮ್ಮಿ ಹಿಂದ ಇನ್ನೊಂದು ಗುಮ್ಮಿ ನಿಂತೈತಿ ನೋಡು ಬಾ" ಎಂದು ಕೂಗಿದಳು. ಅವತ್ತಿನಿಂದ ಆ ಮನೆಯಲ್ಲಿ ನನ್ನ ಹೆಸರು ಗುಮ್ಮಿ. ಕಾಳಿನ ಗುಮ್ಮಿಗಾದರೂ ಆ ಮನೆಯಲ್ಲಿ ವರ್ಷಕ್ಕೊಮ್ಮೆ ಪೂಜೆ ಇತ್ತು.

ರೋಸಿಹೋಗಿ ಒಂದು ದಿನ ಸ್ಟಿರಾಯ್ಡು ಬಿಟ್ಟೆ. ಯಾರಿಗೂ ಹೇಳಲಿಲ್ಲ. ಬಿಟ್ಟರೆ ಮೈ ಇಳಿಯುತ್ತದೆ ಎಂಬುದು ನನ್ನ ಲೆಕ್ಕ. ಐದನೇ ದಿನ ವಾಂತಿ, ಏಳನೇ ದಿನ ನಲ್ಲಿಯ ಹತ್ತಿರ ಕೊಡದ ಸಮೇತ ಬಿದ್ದೆ. ಕಣ್ಣು ಕತ್ತಲಾಗಿತ್ತು, ಆದರೆ ಕಿವಿ ಕೇಳುತ್ತಿತ್ತು. "ನಾಟಕ ಮಾಡಾಕತ್ಯಾಳ" ಎಂದ ಅತ್ತೆಯ ಮಾತು ಸ್ಪಷ್ಟವಾಗಿ ಕೇಳಿತು. ಲಿಂಗಸುಗೂರಿಗೆ ಹೊತ್ತೊಯ್ದಾಗ ಡಾಕ್ಟರು ಸೂಜಿ ಚುಚ್ಚಿ, ನನಗೆ ಎಚ್ಚರ ಬಂದ ಮೇಲೆ, ಮನೆಯವರು ಔಷಧಿ ತರಲು ಹೋದಾಗ, ಬೈದರು. "ಇಷ್ಟು ದಿನ ತಿಂದದ್ದು ಒಮ್ಮೆಲೆ ಬಿಟ್ರ ಜೀವ ಹೋಗತೈತಮ್ಮ. ಬಿಡಸೂದಿದ್ರ ನಾನ ಮೆಲ್ಲಕ ಬಿಡಸತೀನಿ. ತಿಳೀತೇನು?" ನನಗೆ ಚೆನ್ನಾಗಿ ತಿಳಿಯಿತು. ಮೈಯಲ್ಲೇ ತಿಳಿದ ಮಾತು ಅದು.

ಮರುವರ್ಷ ನಾದಿನಿಯನ್ನು ನೋಡಲು ಹಟ್ಟಿಯ ಗಣಿಯಲ್ಲಿ ಕೆಲಸದಲ್ಲಿದ್ದ ಹುಡುಗನ ಕಡೆಯವರು ಬಂದರು. ಅದು ನಾಲ್ಕನೇ ಮನೆತನ. ಹುಡುಗನ ಸೋದರತ್ತೆ ಇವಳ ಮುಂಗೈ ಹಿಡಿದು ಒತ್ತಿ ನೋಡಿ, "ಬರೇ ಎಲುಬ ಹತ್ತತಾವಲ್ಲ, ಏನರ ಬ್ಯಾನಿ ಐತೇನು?" ಎಂದಳು. ಉಪ್ಪಿಟ್ಟು ಮುಟ್ಟದೆ ಎದ್ದು ಹೋದರು. ನಾದಿನಿ ಒಳಗೆ ಮುಖ ಮುಚ್ಚಿಕೊಂಡು ಅತ್ತಳು. ನನಗೆ ಖುಷಿಯಾಯಿತು.

ಅತ್ತೆ ಮಾತ್ರ ನನ್ನನ್ನೇ ನೋಡುತ್ತಿದ್ದರು. ಮುಖ, ತೋಳು, ಹೊಟ್ಟೆ, ಒಂದೊಂದನ್ನೇ ನೋಡಿದರು. ಆಮೇಲೆ ಯಾವತ್ತೂ ಇಲ್ಲದ ಮೆತ್ತನೆ ದನಿಯಲ್ಲಿ ಕೇಳಿದರು. "ಆ ಗುಳಿಗಿ ತಿಂದ್ರ ಮೈ ತುಂಬತೈತಿ ಅಂತಿದ್ದೆಲ್ಲ, ಖರೇ ಏನು?"

ಮೂರು ವರ್ಷ ನಾನು ಬಾಯಿ ಬಡಿದುಕೊಂಡು ಹೇಳಿದ್ದನ್ನು ಅತ್ತೆ ಒಂದು ಮಧ್ಯಾಹ್ನದಲ್ಲಿ ನಂಬಿದರು. ಮಗಳಿಗೆ ಬೇಕಾಗಿತ್ತು, ಅದಕ್ಕೆ ನಂಬಿದರು. "ಖರೇ ರೀ" ಎಂದೆ. ನಾದಿನಿ ಕಣ್ಣೊರೆಸಿಕೊಂಡು ಬಂದು, "ಯಾವುದು ವೈನಿ, ಎರಡರಾಗ?" ಎಂದು ಕೇಳಿದಳು. ಥೈರಾಯ್ಡಿನದನ್ನು ಪಕ್ಕಕ್ಕೆ ಸರಿಸಿ ಇನ್ನೊಂದನ್ನು ತೋರಿಸಿದೆ. ಡಾಕ್ಟರ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಇಷ್ಟು ದಿನ ನೀವು ನನ್ನ ಮಾತು ಕೇಳಿದಿರಾ, ಈಗ ನಾನು ಯಾಕೆ ಹೇಳಲಿ ಎಂಬ ಸಿಟ್ಟು ನನಗೆ. ಸಿಟ್ಟು ಅಂದರೂ ಅದಕ್ಕೆ ಮರ್ಯಾದೆ ಕೊಟ್ಟಂತೆ. ಅದು ಹಗೆ.

ಅದೇ ಹಳೆಯ ಚೀಟಿ ತೋರಿಸಿ ಮನೆಯವರು ಎರಡರಷ್ಟು ಗುಳಿಗೆ ತಂದರು. ಯಾಕೆ ಎಂದು ಸಹ ಕೇಳಲಿಲ್ಲ. ದಿನಾ ಉಂಡ ಮೇಲೆ ಅವಳ ಅಂಗೈಗೆ ನಾನೇ ಹಾಕುತ್ತಿದ್ದೆ. ಎರಡನೇ ತಿಂಗಳಿಗೆ ಅವಳ ಕೆನ್ನೆ ತುಂಬಿದವು. ಅವಳಿಗೂ ಆ ಹಸಿವು ಹತ್ತಿತು. ನನ್ನ ಹಸಿವಿಗೆ ರೊಟ್ಟಿ ಎಣಿಸಿದ ಕೈ ಅವಳ ತಟ್ಟೆಗೆ ತುಪ್ಪ ಸುರಿಯಿತು. "ನನ ಮಗಳು ಈಗ ಉಣ್ಣಾಕತ್ಯಾಳ ನೋಡು" ಎಂದು ಅತ್ತೆ ನನ್ನೆದುರೇ ಹಿಗ್ಗುತ್ತಿದ್ದರು. ಹೊಟ್ಟೆ ಉರಿದುಹೋಗುತ್ತಿತ್ತು. ನಾದಿನಿ ನನ್ನನ್ನು ಗುಮ್ಮಿ ಎನ್ನುವುದು ಬಿಟ್ಟಳು. ವೈನಿ, ವೈನಿ ಎಂದು ಹಿಂದೆ ಮುಂದೆ ತಿರುಗಿದಳು. ಅದೂ ನನಗೆ ಸಾಲಲಿಲ್ಲ.

ಆರು ತಿಂಗಳಿಗೆ ಜವಳಗೇರಾದ ಮನೆತನ ಗಟ್ಟಿಯಾಯಿತು. ಕಾಲುವೆ ನೀರಿನ ಗದ್ದೆ ಇದ್ದವರು. ಅವರ ಹಿರಿಯಳೂ ಮುಂಗೈ ಹಿಡಿದು ನೋಡಿದಳು, ಮೆಚ್ಚಿದಳು. ಮದುವೆ ಆಯಿತು. ಗಂಡನ ಮನೆಗೆ ಕಳಿಸುವ ದಿನ ನಾನು ಬುತ್ತಿ ಕಟ್ಟುತ್ತಿದ್ದೆ. ನಾದಿನಿ ಬಂದು ಮೆಲ್ಲಗೆ, "ಗುಳಿಗಿ ಒಯ್ಯಲೇನು?" ಎಂದಳು.

"ಇನ್ನ ಯಾಕ? ಅಕ್ಕಿಕಾಳು ಬಿದ್ದಾವಲ್ಲ" ಎಂದರು ಅತ್ತೆ. "ಅವರ ಮನ್ಯಾಗ ಯಾರರ ನೋಡಿದ್ರ ನಮ್ಮ ಮಾನ ಹೋಗತೈತಿ."

ನಾದಿನಿ ನನ್ನ ಕಡೆ ತಿರುಗಿದಳು. ಬಿಟ್ಟರೆ ಏನಾಗುತ್ತದೆ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾನು ಬುತ್ತಿಯ ಗಂಟು ಬಿಗಿದೆ. "ಅತ್ತಿ ಅಂದಂಗ ಮಾಡು" ಎಂದೆ.

ಹತ್ತನೇ ದಿನ ಬೆಳಿಗ್ಗೆ ಜವಳಗೇರಾದಿಂದ ಆಳು ಬಂದ. ಜ್ವರ ಬಂದಿತ್ತಂತೆ, ಎರಡು ದಿನ ವಾಂತಿ, ಈಗ ಮಾತಿಲ್ಲ; ಟ್ರ್ಯಾಕ್ಟರಿನಲ್ಲಿ ಸಿಂಧನೂರಿನ ದವಾಖಾನೆಗೆ ಒಯ್ದಿದ್ದಾರೆ. ಅತ್ತೆ, ಮನೆಯವರು, ನಾನು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ದೇವರಿಗೆ ಹರಕೆ ಹೊತ್ತರು. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ. ಸಾಯಲಿ ಎಂದು ನಾನು ಯಾವತ್ತೂ ಬಯಸಿರಲಿಲ್ಲ. ಅವಳೂ ಒಮ್ಮೆ ನೆಲಕ್ಕೆ ಬೀಳಲಿ, ನಾಟಕ ಅನ್ನಿಸಿಕೊಳ್ಳಲಿ ಎಂದು ಬಯಸಿದ್ದೆ.

ಮಂಚದ ಮೇಲೆ ನಾದಿನಿಯ ತುಟಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಸಲೈನ್ ಬಾಟಲಿ ಏರುತ್ತಲೇ ಇತ್ತು, ನಾಡಿ ಮಾತ್ರ ಮೇಲೆ ಬರಲೊಲ್ಲದು. ಅವಳ ಗಂಡ, ಅವನ ತಾಯಿ, ಇನ್ನೂ ಏಳೆಂಟು ಜನ ಸುತ್ತ ನಿಂತಿದ್ದರು.

"ಮೊದಲ ಏನರ ಗುಳಿಗಿ ತಗೊಂತಿದ್ಳೇನ್ರಿ?" ಎಂದು ಡಾಕ್ಟರು ಕೇಳಿದರು.

"ಇಲ್ರೀ ಯಪ್ಪಾ, ನನ ಮಗಳು ಗಟ್ಟಿಮುಟ್ಟಿ ಇದ್ಳು" ಎಂದ ಅತ್ತೆ ಸೆರಗಿನೊಳಗಿಂದ ನನ್ನ ಕೈ ಅಮುಕಿ ಹಿಡಿದರು. ಉಗುರು ನಾಟುವಷ್ಟು ಬಿಗಿಯಾಗಿ.

ಡಾಕ್ಟರು ಎರಡನೇ ಸಲ ಕೇಳಿದರು. ಅತ್ತೆ ಮತ್ತೆ ಇಲ್ಲ ಎಂದರು. ಮನೆಯವರು ನೆಲ ನೋಡುತ್ತಿದ್ದರು. ನಾನೂ ಸುಮ್ಮನಿದ್ದೆ. ಅತ್ತೆಯ ಹೆದರಿಕೆ ನನ್ನ ಕೈಗೆ ತಿಳಿಯುತ್ತಿತ್ತು, ಅದು ಹಿತವಾಗಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಹಿತವಾಗಿದ್ದದ್ದು ನಿಜ. ಡಾಕ್ಟರು ತಲೆ ಕೊಡವಿ ಹೊರಟರು. ಆಗ ಹುಡುಗನ ತಾಯಿ, "ಬ್ಯಾನಿ ಹುಡುಗಿನ್ನ ನಮಗ ಕಟ್ಯಾರ" ಎಂದಳು. ಅತ್ತೆಯ ಮುಖ ಇಳಿಯಿತು. ಇನ್ನಷ್ಟು ಇಳಿಸಬೇಕು ಎನಿಸಿತು ನನಗೆ.

"ಸ್ಟಿರಾಯ್ಡು ತಗೊಂತಿದ್ಳು ರೀ" ಎಂದೆ. ವರಾಂಡದವರಿಗೂ ಕೇಳುವಷ್ಟು ಜೋರಾಗಿ ಹೇಳಿದೆ. "ಆರು ತಿಂಗಳು ತಗೊಂಡಾಳ. ಮೈ ತುಂಬಲಿ ಅಂತ ನಮ್ಮತ್ತಿ ತಿನಿಸ್ಯಾರ. ಮದಿವಿ ಆತಂತ ಬಿಡಿಸ್ಯಾರ."

ಡಾಕ್ಟರು ಓಡಿಬಂದು ಸೂಜಿ ಕೊಟ್ಟರು. ಮಧ್ಯಾಹ್ನ ಮೂರರ ಹೊತ್ತಿಗೆ ನಾದಿನಿ ಕಣ್ಣು ಬಿಟ್ಟಳು. ಅತ್ತೆ ಬೀಗರ ಎದುರು ನೆಲದ ಮೇಲೆ ಕುಕ್ಕರಿಸಿದ್ದರು, ತಲೆ ಎತ್ತಲಿಲ್ಲ. ಮುಂದೆ ಅವರು ಬದುಕಿದ್ದಷ್ಟು ದಿನ ನನ್ನ ಮುಂದೆ ದನಿ ಎತ್ತಲಿಲ್ಲ. ಎರಡೂ ಮನೆಯಲ್ಲಿ ಉಳಿದವರೆಲ್ಲ ಹೇಳಿದ್ದು ಒಂದೇ ಮಾತು. ಸೊಸೆ ಎದೆಗಾರ್ತಿ, ಮಾನ ನೋಡದೆ ಜೀವ ನೋಡಿದಳು ಎಂದು.

ಡಾಕ್ಟರು ನಾದಿನಿಗೆ ಗುಳಿಗೆಯನ್ನು ತಿಂಗಳುಗಟ್ಟಲೆ ಚೂರು ಚೂರೇ ಇಳಿಸುತ್ತಾ ಬಿಡಿಸಿದರು. ಅವಳು ಮತ್ತೆ ತೆಳ್ಳಗಾದಳು. ಗಂಡ ಒಳ್ಳೆಯವನು, ಬಿಡಲಿಲ್ಲ. ನನ್ನ ಗುಳಿಗೆ ಇನ್ನೂ ಬಿಟ್ಟಿಲ್ಲ, ಮೈಯೂ ಇಳಿದಿಲ್ಲ. ಎಂಟೊಂಬತ್ತು ವರ್ಷದ ನಂತರ ಅವಳು ಪಂಚಮಿಗೆ ತವರಿಗೆ ಬಂದಾಗ ಏಳು ವರ್ಷದ ಮಗಳನ್ನು ನನ್ನ ಮುಂದೆ ನಿಲ್ಲಿಸಿದಳು.

"ಅವತ್ತ ಈ ನಿಮ್ಮತ್ತಿ ಬಾಯಿ ಬಿಡದಿದ್ರ ನಾನೂ ಇರ್ತಿದ್ದಿಲ್ಲ, ನೀನೂ ಇರ್ತಿದ್ದಿಲ್ಲ. ಕಾಲಿಗೆ ಬೀಳು" ಎಂದಳು.

ಹುಡುಗಿ ಬಗ್ಗಿ ನನ್ನ ಎರಡೂ ಪಾದ ಮುಟ್ಟಿ ಹಣೆಗೆ ಒತ್ತಿಕೊಂಡಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದೆ.