ಪಂಕಜಾ ಕಟ್ಟಿದ ಪದಸೂಚಿ

ಮೈಸೂರಿನಿಂದ ಮದುವೆಯಾಗಿ ಮುಲುಂಡ್‌ಗೆ ಬಂದ ಪಂಕಜಾಗೆ ಸುಮ್ಮನೆ ಕೂರುವುದು ಗೊತ್ತೇ ಇರಲಿಲ್ಲ. ಫೋರ್ಟ್‌ನ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿಗೆ ಟೈಪಿಸ್ಟಾಗಿ ಸೇರಿದವಳು, ತೊಂಬತ್ತನೇ ಇಸವಿಯ ಹೊತ್ತಿಗೆ ಅಲ್ಲಿನ ಮ್ಯಾನ್ಯುಯಲ್‌ಗಳನ್ನು ಸಿದ್ಧಪಡಿಸುತ್ತಿದ್ದಳು. ಲಾಡ್ಜುಗಳ ಬಿಲ್ಲು ಮಾಡುವ ಪ್ರೋಗ್ರಾಮ್ ಅವರದು. ಅದರ ದಪ್ಪ ಇಂಗ್ಲಿಷ್ ಪುಸ್ತಕದ ಹೊಸ ಮುದ್ರಣಕ್ಕೆ, ಯಾವ ವಿಷಯ ಯಾವ ಪುಟದಲ್ಲಿದೆಯೆಂದು ತೋರಿಸುವ ಪದಸೂಚಿ ಬೇಕೆಂದು ಮ್ಯಾನೇಜರ್ ಸತ್ಯಮೂರ್ತಿ ಹೇಳಿದರು.

"ಅದೇನು ಮಹಾ ಕೆಲಸ ಅಲ್ಲಮ್ಮ. ಪದಗಳನ್ನೆಲ್ಲ ಕಂಪ್ಯೂಟರೇ ಹೆಕ್ಕಿ ಕೊಡುತ್ತೆ."

ಕಂಪ್ಯೂಟರೇನೋ ಕೊಟ್ಟಿತು. ‘ರೂಮ್’ ಎಂಬುದರ ಮುಂದೆಯೇ ಅರ್ಧ ಕಾಲಮ್ಮು ಪುಟಸಂಖ್ಯೆಗಳು. ಪಂಕಜಾಗೆ ಅದನ್ನು ನೋಡಿ ಕಸಿವಿಸಿಯಾಯಿತು.

ಮರುದಿನ ಗ್ರಾಂಟ್ ರೋಡಿನ ಲಾಡ್ಜೊಂದರಿಂದ ಅಲ್ಲಿನ ಮ್ಯಾನೇಜರ್ ಶೆಟ್ಟೆಪ್ಪ ಆಫೀಸಿಗೆ ಫೋನ್ ಮಾಡಿದ, ಪಂಕಜಾಳೇ ಎತ್ತಿಕೊಂಡಳು. "ಅಕ್ಕಾರ, ಒಬ್ಬರ ಬಿಲ್ಲಿನ್ಯಾಗ ಇನ್ನೊಬ್ಬರ ಊಟ ಸೇರೇತ್ರಿ. ತಗಿಯೂದ್ ಹ್ಯಾಂಗ? ಗಿರಾಕಿ ಗಾಡಿ ಹಿಡೀಬೇಕಂತ ಎದುರಿಗೇ ನಿಂತಾನ."

ಅವಳು ತನ್ನ ಪಟ್ಟಿಯಲ್ಲೇ ಹುಡುಕಿದಳು. ‘ರಾಂಗ್’ ಇಲ್ಲ, ‘ಡಿಲೀಟ್’ ಇಲ್ಲ, ‘ಕ್ಯಾನ್ಸಲ್’ ಇಲ್ಲ. ಮತ್ತೆ ಮೊದಲಿಂದ ಬೆರಳಿಟ್ಟು ನೋಡುತ್ತ ಬಂದಳು. ಕೊನೆಗೆ ‘ರಿವರ್ಸಲ್’ ಎಂಬಲ್ಲಿ ಅದು ಸಿಗುವಷ್ಟರಲ್ಲಿ ಶೆಟ್ಟೆಪ್ಪ ಅಂದ: "ಬಿಡ್ರಿ ಅಕ್ಕಾರ. ಗಿರಾಕಿ ಬೈಕೋತ ಹೋದ."

ಅಂದಿನಿಂದ ಅವಳಿಗೆ ನೆಮ್ಮದಿ ಇಲ್ಲ. ಕಷ್ಟದಲ್ಲಿರುವವರು ಪುಸ್ತಕದ ಪದ ಹುಡುಕುವುದಿಲ್ಲ, ತಮ್ಮ ಬಾಯಿಗೆ ಬಂದ ಪದ ಹುಡುಕುತ್ತಾರೆ. ಹಳೆಯ ಪಟ್ಟಿ ಬದಿಗಿಟ್ಟು ಮೊದಲ ಪುಟದಿಂದ ಮತ್ತೆ ಓದಲು ಕೂತಳು. ಮನೆಯಲ್ಲೂ ಬಿಡಲಿಲ್ಲ.

"ರೀ, ಪ್ರಿಂಟರಲ್ಲಿ ಕಾಗದ ಸಿಕ್ಕಿಹಾಕ್ಕೊಂಡರೆ ಏನಂತ ಹುಡುಕ್ತೀರಿ?"

ಗಂಡ ಕೇಶವಮೂರ್ತಿ ತಟ್ಟೆಯ ಮುಂದೆ ಕೂತಿದ್ದ. "ಪೇಪರ್ ಅಂತ. ಇಲ್ಲ, ಪ್ರಿಂಟರ್ ಅಂತ. ಮೊದಲು ಸಾರು ಬಡಿಸೇ ಮಾರಾಯ್ತಿ."

ಅವಳು ಎರಡನ್ನೂ ಬರೆದುಕೊಂಡಳು.

ಹೊಸ ಪಟ್ಟಿ ನೋಡಿ ಸತ್ಯಮೂರ್ತಿ ಸಿಡುಕಿದರು. "ಒಂದೇ ವಿಷಯ ಮೂರು ಕಡೆ! ಸುಮ್ಮನೆ ಪುಟ ದಂಡ."

"ಸರ್, ಬಿಲ್ಲು ತಪ್ಪಾಗಿದೆ, ಗಿರಾಕಿ ಎದುರಿಗಿದ್ದಾನೆ ಅಂದ್ಕೊಳ್ಳಿ. ಹಳೇ ಪಟ್ಟಿಯಲ್ಲಿ ನೀವೇ ಹುಡುಕಿ."

ಅವರು ಹಾಳೆ ಮಗುಚಿದರು, ಮತ್ತೆ ಮಗುಚಿದರು, ಕನ್ನಡಕ ತೆಗೆದಿಟ್ಟರು. "ಸರಿ. ನಿನ್ನ ಪಟ್ಟಿಯೇ ಪ್ರೆಸ್ಸಿಗೆ ಹೋಗಲಿ."

ಪ್ರೆಸ್ಸಿಗೆ ಕಳಿಸುವ ಹಿಂದಿನ ದಿನ ಪ್ರೋಗ್ರಾಮರುಗಳು ಮೂರನೇ ಅಧ್ಯಾಯಕ್ಕೆ ಎರಡು ಪುಟ ಸೇರಿಸಿಬಿಟ್ಟರು. ಪದಸೂಚಿಯಲ್ಲಿ ಅಲ್ಲಿಂದ ಮುಂದಿನ ಪುಟಸಂಖ್ಯೆಗಳೆಲ್ಲ ತಪ್ಪಿಹೋದವು. ಪಂಕಜಾಗೆ ಅಳು ಬಂತು, ಸಿಟ್ಟೂ ಬಂತು. ಊಟ ಬಿಟ್ಟು ಒಂದೊಂದನ್ನೂ ತಿದ್ದಿದಳು. ಯಾರ ಮೇಲೂ ನಂಬಿಕೆ ಸಾಲದೆ, ತಾನೇ ಪ್ರೆಸ್ಸಿಗೆ ಹೋಗಿ ಪ್ರೂಫ್ ನೋಡಿ ಬಂದಳು.

ಪುಸ್ತಕ ಲಾಡ್ಜುಗಳಿಗೆ ಹೋದ ಮೇಲೆ ಫೋನುಗಳು ಕಡಿಮೆಯಾದವು. ಸತ್ಯಮೂರ್ತಿ ಎಲ್ಲರಿಗೂ ಟೀ ತರಿಸಿದರು. ಅದೇ ಸಂಜೆ ದಹಿಸರ್‌ನಿಂದ ಯಾರೋ, ಅರ್ಧ ದಿನದ ಬಾಡಿಗೆ ಹಾಕುವುದು ಹೇಗೆ ಎಂದು ಕೇಳಿದರು. ಪುಸ್ತಕದಲ್ಲಿ ಅದು ‘ಪಾರ್ಟ್ ಟ್ಯಾರಿಫ್’. ಪದಸೂಚಿಯಲ್ಲಿ ‘ಹಾಫ್ ಡೇ’ ಇರಲಿಲ್ಲ.

ಉತ್ತರ ಹೇಳಿ ಫೋನಿಟ್ಟಳು. ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ್ದೇ ಪುಸ್ತಕ ತೆರೆದು, ಪೆನ್ನು ಹಿಡಿದು, ಇನ್ನೇನೇನು ಬಿಟ್ಟುಹೋಗಿದೆಯೆಂದು ಹುಡುಕತೊಡಗಿದಳು. ತಲೆಯೆತ್ತಿದಾಗ ತಾನಿಳಿಯಬೇಕಿದ್ದ ಮುಲುಂಡ್ ದಾಟಿ ಮುಂದಿನ ಸ್ಟೇಷನ್ ಠಾಣೆ ಬಂದಿತ್ತು.