ಸೊನ್ನೆ ಜಿಲಾಲಿ

ಕಾಸಾಬ್ಲಾಂಕಾದ ಹಳೆಪೇಟೆಯಲ್ಲಿ, ಮೀನುಬಂದರಿಗೆ ಬೆನ್ನು ಕೊಟ್ಟು ನಿಂತ ನಮ್ಮ ಓಣಿಯಲ್ಲಿ, ಒಬ್ಬೊಬ್ಬರಿಗೂ ಎರಡೆರಡು ಹೆಸರು. ಒಂದು ಹೆತ್ತವರು ಇಟ್ಟದ್ದು, ಇನ್ನೊಂದು ಕ್ಷೌರದಂಗಡಿಯ ಬುಶ್ತಾ ಇಟ್ಟದ್ದು. ಎರಡನೆಯದೇ ಗಟ್ಟಿ, ಗೋರಿಯವರೆಗೂ ಜೊತೆಗೆ ಬರುತ್ತದೆ. ಬಂದರಿನಲ್ಲಿ ಮಂಜುಗಡ್ಡೆ ಹೊರುವ ಜಿಲಾಲಿಗೆ ಅವನು ಇಟ್ಟ ಹೆಸರು ಸೊನ್ನೆ.

ಹೆಸರಿಗೆ ಕಾರಣ ಇಲ್ಲದಿಲ್ಲ. ಜಿಲಾಲಿ ದೇಶದ ಐಸ್ ಹಾಕಿ ತಂಡದಲ್ಲಿದ್ದ. ನಗುವವರು ನಕ್ಕು ಮುಗಿಸಲಿ, ಆಮೇಲೆ ಹೇಳುತ್ತೇನೆ. ಇದು ಆ ತಂಡ ಇನ್ನೂ ತೊಟ್ಟಿಲಲ್ಲಿದ್ದಾಗಿನ ಮಾತು, ದಾಖಲೆ ಹುಡುಕಿದರೆ ಸಿಗಲಿಕ್ಕಿಲ್ಲ. ಎರಡು ಸಲ ಸಮುದ್ರ ದಾಟಿ ಆಡಿಬಂದಿದ್ದರು. ಒಂದೇ ಒಂದು ಗೋಲೂ ಹೊಡೆದಿರಲಿಲ್ಲ. ಒಂದು ಊರಿನಲ್ಲಂತೂ ಅರ್ಧ ಆಟಕ್ಕೇ ಆತಿಥೇಯರು ಸೌಜನ್ಯಕ್ಕಾಗಿ ಅಂಕಫಲಕದ ದೀಪ ಆರಿಸಿಬಿಟ್ಟಿದ್ದರಂತೆ. ಇದನ್ನು ಜಿಲಾಲಿ ತಮಾಷೆ ಅಂತ ಬುಶ್ತಾನಿಗೆ ಹೇಳಿದ. ಬುಶ್ತಾನಿಗೆ ಹೇಳುವುದೂ ಒಂದೇ, ಮಸೀದಿಯ ಧ್ವನಿವರ್ಧಕಕ್ಕೆ ಹೇಳುವುದೂ ಒಂದೇ.

"ಏನೋ ಸೊನ್ನೆ, ಗಡ್ಡ ಬೋಳಿಸಲೋ, ಸುತ್ತ ಗುಂಡಗೆ ಬಿಡಲೋ?" ಅಂತ ಮರುದಿನವೇ ಶುರುವಾಯಿತು.

ಜಿಲಾಲಿ ನಕ್ಕುಬಿಡುತ್ತಿದ್ದ. ಮೂವತ್ತು ದಾಟಿದ ಅಗಲ ಭುಜದ ಗಂಡಸು, ಹಸನ್ಮುಖಿ. ಆದರೆ ಹೆಸರು ಅವನೊಬ್ಬನಿಗೇ ನಿಲ್ಲಲಿಲ್ಲ. ತಾಯಿ ಲಲ್ಲಾ ಹನಿಯಾಳನ್ನು ಜನ "ಸೊನ್ನೆಯ ತಾಯಿ" ಅನ್ನತೊಡಗಿದರು. ಅದನ್ನು ಅವನಿಗೆ ಸಹಿಸಲಾಗಲಿಲ್ಲ.

ಯಾಕೆ ಅಂದರೆ ಆ ಮುದುಕಿ ಯಾರು ಅನ್ನುವುದು ಗೊತ್ತಿರಬೇಕು. ಲಲ್ಲಾ ಹನಿಯಾ ಓಣಿಯ ಮೂಲೆಯಲ್ಲಿ ಕೂತು ಹರ್ಶಾ ಬೇಯಿಸುತ್ತಾಳೆ. ರವೆಗೆ ಬೆಣ್ಣೆ ಉಜ್ಜಿ ತಟ್ಟಿದ ದಪ್ಪ ದುಂಡು ರೊಟ್ಟಿ. ಇಳಿಹೊತ್ತಿನ ಅಸರ್ ನಮಾಜು ಮುಗಿಯುತ್ತಿದ್ದಂತೆ ಊರೆಲ್ಲ ಚಹಾ ಕಾಯಿಸಿಟ್ಟು ಅವಳ ಕಾವಲಿಯ ಮುಂದೆ ಬಂದು ನಿಲ್ಲುತ್ತದೆ. ಅವಳಿಗೆ ಎರಡು ಹೆಮ್ಮೆ. ಗಂಡ ಸತ್ತು ಆ ಮೂಲೆ ಹಿಡಿದಂದಿನಿಂದ ಒಂದು ಹರ್ಶಾವನ್ನೂ ಸೀಯಿಸಿಲ್ಲ. ಹಿಟ್ಟು ತಳ ಕಂಡರೂ ಗಿರಾಕಿಗೆ "ಇಲ್ಲ" ಅಂದಿಲ್ಲ. ನಮ್ಮಲ್ಲಿ ವ್ಯಾಪಾರದ ಬಾಯಲ್ಲಿ ಆ ಮಾತು ಬರಬಾರದು. ಬುಟ್ಟಿ ಬರಿದಾದರೂ "ಬರಕತ್ ಇದೆ, ನಾಳೆ ಬಾ" ಅನ್ನಬೇಕು. "ಇಲ್ಲ" ಅನ್ನದ ಆ ಮನೆಯ ಬಾಗಿಲಿಗೆ ಸೊನ್ನೆ ಬರೆದ ಹಾಗಾಯಿತು. ಮುದುಕಿ ಆ ಹೆಸರು ಕೇಳಿದಾಗೆಲ್ಲ ಸಟ್ಟುಗ ಎತ್ತಿ ಬೈಯುತ್ತಿದ್ದಳು. ಬೈದು ಆದಮೇಲೆ ಸುಮ್ಮನೆ ಕಾವಲಿ ಒರೆಸುತ್ತ ಕೂರುತ್ತಿದ್ದಳು.

ಇವನು ಈ ಆಟಕ್ಕೆ ಬಿದ್ದದ್ದೂ ಬಂದರಿನಿಂದಲೇ. ಹರಾಜುಕಟ್ಟೆಯ ನೆಲದ ಮೇಲೆ ಬೆಳಗಿನ ಜಾವ ಮೀನಿನ ಲೋಳೆ, ಕರಗಿದ ಐಸು, ಉಪ್ಪುನೀರು ಎಲ್ಲ ಸೇರಿ ಬೆಕ್ಕು ಕೂಡ ಜಾರುತ್ತದೆ. ಅಲ್ಲಿ ಜಿಲಾಲಿ ರಬ್ಬರು ಬೂಟು ಹಾಕಿಕೊಂಡು ಐಸಿನ ಪೆಟ್ಟಿಗೆ ತಳ್ಳುತ್ತ ಓಡುತ್ತಿದ್ದ. ಓಡಿ, ಹಿಮ್ಮಡಿ ಊರಿ, ಉದ್ದಕ್ಕೆ ಜಾರಿ, ಬೇಕಾದ ದೋಣಿಯ ಎದುರೇ ನಿಲ್ಲುತ್ತಿದ್ದ. ಭೂತಾಯಿ ಮೀನು ತಿನ್ನಲು ಬಂದಿದ್ದ ನೌಫಲ್ ಅನ್ನುವವನು ಅದನ್ನು ನೋಡಿ ತಿನ್ನುವುದನ್ನೇ ಬಿಟ್ಟ. ನೌಫಲ್ ಫ್ರಾನ್ಸಿನ ಬೆಟ್ಟದೂರಿನಲ್ಲಿ ಬೆಳೆದವನು, ಅಲ್ಲಿ ಹಾಕಿ ಕಲಿತು ಅಜ್ಜನ ಊರಿಗೆ ಮರಳಿದ್ದ. ತಂಡ ಕಟ್ಟುವ ಹುಚ್ಚು ಅವನದೇ. ನಾಯಕನೂ ಅವನೇ, ಗುರುವೂ ಅವನೇ.

"ಅಣ್ಣ, ನೀವು ಯಾವತ್ತಾದ್ರೂ ಬಿದ್ದಿದೀರಾ?" ಅಂತ ಕೇಳಿದ.

"ಬಿದ್ರೆ ಸಂಬಳ ಯಾರು ಕೊಡ್ತಾರೆ?" ಅಂದ ಜಿಲಾಲಿ.

ಹೀಗೆ ಸೇರಿದ. ಆಡುವುದು ಸಮುದ್ರದಂಡೆಯ ಮಾಲಿನ ಐಸಿನ ಕಣದಲ್ಲಿ. ಕಣ ಅನ್ನುವುದು ಮರ್ಯಾದೆಯ ಮಾತು. ಹುಟ್ಟುಹಬ್ಬದ ಮಕ್ಕಳು ಗೋಡೆ ಹಿಡಿದು ಸುತ್ತಲಿಕ್ಕೆ ಮಾಡಿದ್ದು ಅದು, ಒಂದು ಮದುವೆ ಚಪ್ಪರ ಹಾಕಿದರೆ ಮುಗಿಯಿತು. ಮಕ್ಕಳು ಹೋದಮೇಲೆ ತಂಡಕ್ಕೆ ಬಿಡುತ್ತಿದ್ದರು. ಗೋಲು ಕಾಯುವವನ ಕಾಲಿಗೆ ಕಟ್ಟಿದ ಮೆತ್ತೆ ದಿವಾನಖಾನೆಯ ಹಾಸಿಗೆ ಹರಿದು ಹೊಲಿದದ್ದು. ಆಡುವ ಕಪ್ಪು ಬಿಲ್ಲೆಯನ್ನು ಮೊದಲ ದಿನ ನೋಡಿದ ಜಿಲಾಲಿ, "ಇದು ನಮ್ಮಮ್ಮನ ಹರ್ಶಾ ಸೀದ ಹಾಗಿದೆ" ಅಂದ. ಅಂದಿನಿಂದ ತಂಡದಲ್ಲಿ ಅದರ ಹೆಸರೇ ಹರ್ಶಾ. "ಹರ್ಶಾ ಕೊಡೋ!" "ಹರ್ಶಾ ಬಿಡಬೇಡ!" ಅಂತ ಮಾಲಿನ ತುಂಬ ಕೂಗು. ಸುದ್ದಿ ಮುಟ್ಟಿದಾಗ ಲಲ್ಲಾ ಹನಿಯಾ ಉರಿದುಬಿದ್ದಳು. "ನಾನು ಯಾವತ್ತೋ ಸೀಯಿಸಿದ್ದು? ಯಾವ ನಾಲಿಗೆ ತಿಂದಿದೆ ನನ್ನ ಕೈಯ ಸೀದ ರೊಟ್ಟಿ? ಕರ್ಕೊಂಡು ಬಾ ಅದನ್ನ!"

ನೌಫಲನನ್ನು ಬಿಟ್ಟರೆ ಆಟಗಾರರೆಲ್ಲ ಒಂದಲ್ಲ ಒಂದು ಓಣಿಯ ಮಕ್ಕಳು. ಓಣಿಯಲ್ಲಿ ಚೆಂಡಾಡಿ ಬೆಳೆದವರಿಗೆ ಗೋಡೆಯೂ ಒಬ್ಬ ಆಟಗಾರ. ಎದುರಾಳಿ ಅಡ್ಡ ಬಂದರೆ ಗೋಡೆಗೆ ಬಡಿ, ಅದು ನಿನ್ನವನಿಗೇ ವಾಪಸು ಕೊಡುತ್ತದೆ. ಮಾಲಿನ ಪುಟ್ಟ ಕಣದಲ್ಲಿ ಎತ್ತ ಹೊರಳಿದರೂ ಗೋಡೆ. ಇವರು ಅದರಲ್ಲೇ ಪಳಗಿದರು, ಕಣ್ಣು ಮುಚ್ಚಿ ಆಡುತ್ತಿದ್ದರು.

ಅದೇ ಮುಳುವಾಯಿತು. ಮೂರನೆಯ ಪ್ರವಾಸ ಅರಬ್ ದೇಶಗಳ ಒಂದು ಪಂದ್ಯಾವಳಿಗೆ, ಕೊಲ್ಲಿಯ ಒಂದು ನಗರಕ್ಕೆ. ಹೊರಡುವ ದಿನ ಜಿಲಾಲಿ ತಾಯಿಯ ತಲೆಗೆ ಮುತ್ತಿಟ್ಟ. ಅವಳು ದಾರಿಗೆ ಹರ್ಶಾ ಕಟ್ಟಿಕೊಡುತ್ತ ಅಂದಳು: "ನಂಗೆ ಕಪ್ ಬೇಡ. ಗೆಲ್ಲೋದೂ ಬೇಡ. ಒಂದು, ಒಂದೇ ಒಂದು ಹಾಕಿ ಬಾ. ಆ ಬುಶ್ತಾನ ಬಾಯಿಗೆ ತುರುಕೋಕೆ ಒಂದು ಸಾಕು."

"ಹಾಕ್ತೀನಮ್ಮ," ಅಂದ. ಇನ್ನು ಹೆಚ್ಚು ಕಾಲ ತನ್ನ ಮೊಣಕಾಲು ತಡೆಯುವುದಿಲ್ಲ, ಇದೇ ಕೊನೆಯ ಪ್ರವಾಸ ಅನ್ನುವುದನ್ನು ಅವಳಿಗೆ ಹೇಳಲಿಲ್ಲ.

ಅಲ್ಲಿಯ ಕಣ ನೋಡಿ ಎಲ್ಲರೂ ಬಾಗಿಲಲ್ಲೇ ನಿಂತರು. ಫುಟ್‌ಬಾಲ್ ಮೈದಾನಕ್ಕೆ ಐಸು ಸುರಿದಂತಿತ್ತು. ಮೊದಲ ಪಂದ್ಯ ಶುರುವಾಯಿತು. ಇವರು ಕೊಟ್ಟ ಹರ್ಶಾ ಅರ್ಧ ದಾರಿಯಲ್ಲೇ ಸುಸ್ತಾಗಿ ನಿಲ್ಲುತ್ತಿತ್ತು, ಎದುರಾಳಿ ಬಂದು ಎತ್ತಿಕೊಂಡು ಹೋಗುತ್ತಿದ್ದ. ಜಿಲಾಲಿ ಅಭ್ಯಾಸಬಲದಿಂದ ಗೋಡೆ ಇರಬೇಕಾದ ಕಡೆ ಬಡಿದ. ಗೋಡೆ ಇರಲಿಲ್ಲ. ಹರ್ಶಾ ಹೋಗಿ ನೇರ ಎದುರಾಳಿಯ ಕೋಲಿಗೇ ಸಿಕ್ಕಿತು. ಇವರಲ್ಲೇ ಇಬ್ಬರು, ಮಾಲಿನಲ್ಲಿ ತಿರುಗುವ ಜಾಗ ಬಂತು ಅಂದುಕೊಂಡು ಕಣದ ನಟ್ಟನಡುವೆ ಒಟ್ಟಿಗೇ ತಿರುಗಿ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದರು. ಜನ ಹೊಟ್ಟೆ ಹಿಡಿದು ನಕ್ಕರು. ಇವರ ಪಾಲಿಗೆ ಮತ್ತೆ ಸೊನ್ನೆ.

ಎರಡನೆಯ ಪಂದ್ಯವೂ ಅದೇ ಹಾಡು. ಉಳಿದದ್ದು ಒಂದು, ಅದೂ ಆತಿಥೇಯರ ಜೊತೆ. ಜಿಲಾಲಿ ಮನೆಗೆ ಫೋನು ಮಾಡಿದ.

"ಹಾಕಿದ್ಯಾ?"

"ಆಗ್ತಿಲ್ಲಮ್ಮ. ಕಣ ವಿಪರೀತ ದೊಡ್ಡದು. ನಮ್ಮ ಹುಡುಗರಿಗೆ ಅಂದಾಜೇ ಸಿಗ್ತಿಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ಅಮ್ಮಾ, ನಿಜವಾಗ್ಲೂ ದೊಡ್ಡದು ಕಣೇ."

"ದೊಡ್ಡದಾದ್ರೆ ನಿಂಗೇನೋ? ಪೂರ್ತಿ ನೀನೇ ಗುಡಿಸ್ಬೇಕಾ? ಕಾಸಾಬ್ಲಾಂಕಾ ಇಷ್ಟು ದೊಡ್ಡದಿದೆ, ನಾನೇನು ಕಾವಲಿ ತಲೆ ಮೇಲಿಟ್ಕೊಂಡು ಊರೆಲ್ಲ ಸುತ್ತಿದ್ನಾ? ನನ್ನ ಮೂಲೇಲಿ ನಾನು ಕೂತೆ. ಹಸಿದೋರು ಬಂದ್ರು." ಅಷ್ಟು ಹೇಳಿ, ಹಿಟ್ಟು ಒಣಗತ್ತೆ ಅಂತ ಫೋನಿಟ್ಟಳು.

ಜಿಲಾಲಿ ಫೋನು ಹಿಡಿದು ಕೂತೇ ಇದ್ದ. ಮೂಲೆ. ಕಣ ಎಷ್ಟೇ ದೊಡ್ಡದಾಗಲಿ, ಎದುರಾಳಿಯ ಗೋಲಿನ ಹಿಂದೆ, ಆ ದುಂಡು ಮೂಲೆಯಲ್ಲಿ, ಗೋಡೆ ಹತ್ತಿರವೇ ಇರುತ್ತದಲ್ಲ! ಅಲ್ಲಿ ಜಾಗ ನಮ್ಮ ಓಣಿಯಷ್ಟೇ ಅಗಲ. ನೌಫಲನ ಕೋಣೆಗೆ ಓಡಿದ.

ನೌಫಲ್ ಮೊದಲು ನಕ್ಕ, ಆಮೇಲೆ ತಲೆ ಕೆರೆದುಕೊಂಡ. "ಅಂದ್ರೆ ಉಳಿದ ಕಣ ಅವರಿಗೇ ಬಿಟ್ಟುಬಿಡೋದಾ? ರಾಶಿ ಗೋಲು ತಿಂತೀವಿ, ಅಣ್ಣ."

"ಈಗೇನು ಉಪವಾಸ ಇದೀವಾ? ತಿನ್ನೋಣ. ಆದ್ರೆ ಹರ್ಶಾ ಸಿಕ್ಕಾಗೆಲ್ಲ ಕಣ್ಣು ಮುಚ್ಚಿ ಆ ಮೂಲೆಗೆ ಎಸೆಯೋಣ. ಎಲ್ಲರೂ ಅಲ್ಲಿಗೇ ಓಡೋಣ. ಅಲ್ಲಿ ಅವರು ನಮ್ಮ ಓಣಿಗೆ ಬಂದ ಹಾಗೆ."

"ಸರಿ. ನಮ್ಮ ಓಣೀಲಿ ಅವರನ್ನ ಮಾತಾಡ್ಸೋಣ," ಅಂದ ನೌಫಲ್.

ಮೂರನೆಯ ಪಂದ್ಯದಲ್ಲಿ ತಿಂದರು, ಧಾರಾಳವಾಗಿಯೇ ತಿಂದರು. ಆದರೆ ಈ ಸಲ ಜನ ನಗಲಿಲ್ಲ. ಹರ್ಶಾ ಮೂಲೆಗೆ ಬಿದ್ದಾಗೆಲ್ಲ ಅಲ್ಲಿ ಮೀನುಕಟ್ಟೆಯ ಗಲಾಟೆ. ಗೋಡೆಗೆ ಬಡಿ, ಹಿಡಿ, ಮತ್ತೆ ಬಡಿ. ಎತ್ತರದ ಆತಿಥೇಯ ಆಟಗಾರರು ತಮ್ಮದೇ ಮನೆಯಲ್ಲಿ ದಾರಿ ತಪ್ಪಿದವರಂತೆ ಸುತ್ತಿದರು. ಎರಡು ಸಲ ಗೋಲುಕಂಬ ಠಣ್ ಅಂದಿತು. ಆ ಸದ್ದು ಕೇಳಿಯೇ ಇವರ ಮೈಯಲ್ಲಿ ಹೊಸ ರಕ್ತ ಹರಿಯಿತು. ಯಾಕೆಂದರೆ ಅಲ್ಲಿಯವರೆಗೆ ಕಂಬದ ಹತ್ತಿರವೂ ಯಾರೂ ಸುಳಿದಿರಲಿಲ್ಲ.

ಆಟ ಮುಗಿಯಲು ಇನ್ನು ಸ್ವಲ್ಪವೇ ಇತ್ತು. ಮೂಲೆಯಲ್ಲಿ ನೌಫಲನಿಗೆ ಹರ್ಶಾ ಸಿಕ್ಕಿತು. ಇಬ್ಬರು ಅಡ್ಡ ಬಂದರು. ಅವನು ಗೋಡೆಗೆ ಬಡಿದ. ಅದು ತಿರುಗಿ ಬರುವ ಕಡೆ ಜಿಲಾಲಿ ಹರಾಜುಕಟ್ಟೆಯಲ್ಲಿ ಓಡುವಂತೆಯೇ ಓಡಿದ, ಹಿಮ್ಮಡಿ ಊರಿದ. ಮೊಣಕಾಲು ಕೈಕೊಟ್ಟಿತು. ಬಂದರಿನಲ್ಲಿ ಒಮ್ಮೆಯೂ ಬೀಳದವನು ಗೋಲಿನ ಎದುರು ಕುಂಡೆ ಮೇಲೆ ಧೊಪ್ಪೆಂದು ಕೂತ. ಹರ್ಶಾ ಬಂದು ಅವನ ಹಿಂಭಾಗಕ್ಕೇ ಬಡಿದು, ದಿಕ್ಕು ಬದಲಿಸಿ, ಮೆಲ್ಲಗೆ, ಸಂಕೋಚದಿಂದ ಅನ್ನುವ ಹಾಗೆ, ಗೆರೆ ದಾಟಿತು.

ಎಲ್ಲರೂ ರೆಫರಿಯನ್ನು ನೋಡಿದರು. ಜಿಲಾಲಿ ಕೂತಲ್ಲಿಂದ ಏಳಲಿಲ್ಲ. ಎದ್ದರೆ ಎಲ್ಲಿ ಲೆಕ್ಕ ತಪ್ಪುತ್ತದೋ ಅಂತ ಭಯ. ರೆಫರಿ ಯೋಚಿಸಿದ. ಆಮೇಲೆ ಕೈ ನೀಡಿ ಗೋಲಿನ ಕಡೆ ಬೆರಳು ತೋರಿಸಿದ.

ಅಷ್ಟೇ. ಇಡೀ ತಂಡ ಬಂದು ಅವನ ಮೇಲೆ ಬಿತ್ತು. ಅಡಿಯಲ್ಲಿ ಸಿಕ್ಕಿಕೊಂಡ ಜಿಲಾಲಿ ಅಳುತ್ತಿದ್ದ, ಮೂಗು ಐಸಿಗೆ ಒತ್ತಿಕೊಂಡು, ನಾಚಿಕೆ ಇಲ್ಲದೆ. ಎದುರಾಳಿಗಳು ಅಂದು ಹೊಡೆದದ್ದು ಎಷ್ಟು ಅಂತ ನಮ್ಮ ಓಣಿಯಲ್ಲಿ ಯಾರನ್ನಾದರೂ ಕೇಳಿ, ಗೊತ್ತಿಲ್ಲ ಅನ್ನುತ್ತಾರೆ. ಅದು ಅವರ ಲೆಕ್ಕ.

ಅವನು ಊರಿಗೆ ಬಂದಾಗ ಅಸರ್ ಮುಗಿದು ಚಹಾದ ಹೊತ್ತು. ಹೆಗಲ ಮೇಲೆ ಚೀಲ, ಕುಂಟುತ್ತ ಓಣಿಗೆ ತಿರುಗಿದ. ಬುಶ್ತಾ ಅಂಗಡಿಯಿಂದ ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದ. ಏನಾದರೂ ಕುಹಕ ಬರುತ್ತದೆ ಅಂತ ಜಿಲಾಲಿ ಮೈ ಬಿಗಿಹಿಡಿದ.

"ಸೊನ್ನೆ ಹೋಯ್ತು, ಬಂದ ನೋಡ್ರೋ ಒಂದು!" ಅಂತ ಕೂಗಿದ ಬುಶ್ತಾ. ಕಣ್ಣು ಒದ್ದೆಯಾಗಿತ್ತು, ಆದರೂ ನಾಲಿಗೆ ಕೇಳಬೇಕಲ್ಲ. "ಯಾವುದರಲ್ಲಿ ಹೊಡೆದ ಅಂತ ಮಾತ್ರ ಕೇಳಬೇಡಿ!"

ಓಣಿ ಘೊಳ್ಳೆಂದಿತು. ಮೂಲೆಯಲ್ಲಿ ಲಲ್ಲಾ ಹನಿಯಾ ತಲೆ ಎತ್ತಲಿಲ್ಲ. ಕಾವಲಿಯ ಮೇಲಿದ್ದದ್ದನ್ನು ಮಗುಚಿದಳು, ಬೇಯುವವರೆಗೆ ಕಾದಳು, ತೆಗೆದು ಗಿರಾಕಿಗೆ ಕೊಟ್ಟಳು. ಆಮೇಲಷ್ಟೇ ಮಗನ ಕಡೆ ನೋಡಿದಳು.

"ಬಿದ್ದೆ ಕಣಮ್ಮ," ಅಂದ ಜಿಲಾಲಿ. "ಬಿದ್ದಿದ್ದಕ್ಕೆ ಆಯ್ತು."

"ಕೂತ್ಕೊಂಡೇ ದುಡಿಯೋದು ನಮ್ಮನೆ ವೃತ್ತಿ. ನಾನೇನು ನಿಂತ್ಕೊಂಡು ಸಾಕಿದ್ನಾ ನಿನ್ನ?"

ಅಂದವಳು ಕಾವಲಿಯ ಹಿಂದೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಏನನ್ನೋ ತೆಗೆದು ಅವನ ಕೈಗಿಟ್ಟಳು. ಬಿಚ್ಚಿ ನೋಡಿದರೆ ಒಂದು ಹರ್ಶಾ. ಎರಡೂ ಕಡೆ ಸೀದು, ಇದ್ದಿಲಿನಷ್ಟು ಕಪ್ಪಾಗಿತ್ತು.

ಜಿಲಾಲಿ ಅವಳ ಮುಖ ನೋಡಿದ.

"ಆ ದರಿದ್ರ ಬುಶ್ತಾ ಆಟದ ಹೊತ್ತಲ್ಲಿ ಫೋನಲ್ಲಿ ನೋಡ್ತಾ ಇಲ್ಲೇ ನಿಂತಿದ್ದ," ಅಂದಳು ಮುದುಕಿ ತಲೆ ತಗ್ಗಿಸಿ. "ನೀನು ಬಿದ್ದೆ ಅಂದ. ಆಮೇಲೆ ಸುಮ್ಮನಾಗ್ಬಿಟ್ಟ. ಆಮೇಲೆ ಗೋಲು ಅಂತ ಕಿರುಚ್ದ. ನಾನು ಕಾವಲಿ ಮರೆತೆ."

ಅವಳ ಕೈಯ ಸೀದ ರೊಟ್ಟಿಯನ್ನು ಅಲ್ಲಿದ್ದ ಯಾರೂ ಹುಟ್ಟಿದಂದಿನಿಂದ ಕಂಡಿರಲಿಲ್ಲ.

"ಒಂದೇ ಸೀದದ್ದು," ಅಂದಳು ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. "ನೀನೂ ಒಂದು, ನಾನೂ ಒಂದು. ತಿನ್ನು."

ಜಿಲಾಲಿ ಚೀಲ ಇಳಿಸಿ, ಅವಳ ಪಕ್ಕ ಮೂಲೆಯಲ್ಲೇ ನೆಲಕ್ಕೆ ಕೂತು ಕಚ್ಚಿದ. ಕಲ್ಲಿನಂತಿತ್ತು, ಬರೀ ಕಹಿ. ಒಂದು ಚೂರೂ ಬಿಡದೆ ತಿಂದ.