ಒಂಬತ್ತನೇ ಮಹಡಿಯ ಡಿಂಪ್ನಾ

ನಾನು ಲಿಫ್ಟು ನಡೆಸುವ ಕೆಲಸ ಬಿಟ್ಟು ಮನೆಯಲ್ಲಿ ಕೂರುವ ಹೊತ್ತಿಗೂ ನಮ್ಮ ಕಟ್ಟಡದ ಒಂಬತ್ತನೇ ಮಹಡಿ ಮಾರಾಟವಾಗಿರಲಿಲ್ಲ. ಫಿಫ್ತ್ ಅವೆನ್ಯೂದಲ್ಲಿ, ಸೆಂಟ್ರಲ್ ಪಾರ್ಕಿನ ಎದುರಿಗೆ, ಇಡೀ ಮಹಡಿಗೆ ಒಂದೇ ಮನೆ. ಜಾಹೀರಾತಿನಲ್ಲಿ ‘ಯುದ್ಧಕ್ಕೆ ಮುಂಚಿನ ಕಟ್ಟಡ’ ಎಂದು ಜಂಬದಿಂದ ಹಾಕುತ್ತಿದ್ದರು. ಗೋಡೆ ದಪ್ಪಗಿದ್ದು ನಲ್ಲಿ ಸೋರುತ್ತಿದ್ದರೆ ಈ ಊರಿನಲ್ಲಿ ಹಾಗೆನ್ನುತ್ತಾರೆ. ಎಲ್ಲ ಕೋಣೆಗಳಿಂದಲೂ ಪಾರ್ಕು ಕಾಣುತ್ತದೆ ಎಂದೂ ಬರೆದಿದ್ದರು. ಅದು ಶುದ್ಧ ಸುಳ್ಳು. ಅಡುಗೆಮನೆಯ ಹಿಂದೆ ಇನ್ನೊಂದು ಕೋಣೆಯಿತ್ತು. ಅದರ ಕಿಟಕಿ ತೆರೆದರೆ ಕೈಗೆ ಸಿಗುವುದು ಪಕ್ಕದ ಕಟ್ಟಡದ ಇಟ್ಟಿಗೆ. ಡಿಂಪ್ನಾ ಕ್ಯಾರೊಲ್ ತನ್ನ ಹರೆಯವನ್ನೂ ಮುಪ್ಪನ್ನೂ ಕಳೆದದ್ದು ಆ ಕೋಣೆಯಲ್ಲಿ.

ಐರ್ಲೆಂಡಿನ ಯಾವುದೋ ಹಳ್ಳಿಯಿಂದ ಹಡಗು ಹತ್ತಿ ಬಂದವಳು, ಮಿಸೆಸ್ ಲಾಥ್ರಾಪ್ ಅವರ ಮನೆಕೆಲಸಕ್ಕೆ ಸೇರಿದ ಮೇಲೆ ಕದಲಲೇ ಇಲ್ಲ. ಮಿಸೆಸ್ ಲಾಥ್ರಾಪ್ ಕೆಟ್ಟ ಹೆಂಗಸೇನಲ್ಲ. ಆದರೆ ಒಂದು ಲೋಟ ನೀರನ್ನು ತಾವಾಗಿ ಬಗ್ಗಿಸಿಕೊಂಡು ಕುಡಿದವರಲ್ಲ. ಅಡುಗೆಮನೆ ಯಾವ ಕಡೆಗಿದೆ ಎಂಬುದಾದರೂ ಗೊತ್ತಿತ್ತೋ ಇಲ್ಲವೋ. ದಿನಾ ಸಂಜೆ ಡಿಂಪ್ನಾ ಅವರ ಮಲಗುವ ಕೋಣೆಯ ಪರದೆ ಎಳೆದು, ಹೊದಿಕೆಯ ಒಂದು ಮೂಲೆಯನ್ನು ಮುಕ್ಕೋನವಾಗಿ ಮಡಿಸಿ, ದಿಂಬು ತಟ್ಟಿ, ತಲೆಯ ಹತ್ತಿರ ನೀರಿನ ಲೋಟ ಮುಚ್ಚಿಟ್ಟು ಬರಬೇಕು. ಹಾಸಿಗೆ ಬಿಚ್ಚಿಡುವುದು ಎನ್ನುತ್ತಾರೆ ಇದಕ್ಕೆ, ದೊಡ್ಡ ಮನೆಗಳ ಪದ್ಧತಿ. ಕೆಲಸದವರು ಕಣ್ಣಿಗೆ ಬೀಳಬಾರದು ಎನ್ನುವುದು ಇನ್ನೊಂದು ಪದ್ಧತಿ. ಅವರಿಗೆ ಹಿಂಬಾಗಿಲು, ಹಿಂದಿನ ಮೆಟ್ಟಿಲು. ನನ್ನ ಲಿಫ್ಟು ಕೈಯಿಂದ ಹಿಡಿ ತಿರುಗಿಸಿ ನಡೆಸುವ ಹಳೇ ಕಾಲದ್ದು, ಅದರ ಬಾಗಿಲು ನೇರವಾಗಿ ಆ ಮನೆಯ ಹಾಲಿಗೇ ತೆರೆಯುತ್ತಿತ್ತು. ಹಾಗಿದ್ದೂ ಬಹಳ ಕಾಲ ನಾನು ಡಿಂಪ್ನಾಳ ಮುಖ ಕಂಡಿರಲಿಲ್ಲ. ಬಾಗಿಲು ತೆರೆದಾಗ ಸೋಪಿನ ವಾಸನೆ ಬರುತ್ತಿತ್ತು, ಅಷ್ಟೇ.

ಅವಳ ಪರಿಚಯವಾದದ್ದು ನೆಲಮಾಳಿಗೆಯಲ್ಲಿ, ಕೆಲಸದವರು ಊಟಕ್ಕೆ ಕೂರುವ ಕಡೆ. ನಾನು ಪೋರ್ಟೊ ರಿಕೊದವನು, ಡಬ್ಬಿಯಲ್ಲಿ ದಿನಾ ಅನ್ನ ಮತ್ತು ಬೀನ್ಸ್ ಕಾಳು.

“ಎಲಿಸಿಯೊ, ನಿಮ್ಮೂರಲ್ಲಿ ಬೇರೆ ಏನೂ ಬೆಳೆಯಲ್ವೇನೋ?” ಅಂದಳು.

“ಬೆಳೆಯುತ್ತೆ ತಾಯಿ. ನಿಮ್ಮೂರಿನ ಥರ ಬರೀ ಆಲೂಗಡ್ಡೆ ಅಲ್ಲ,” ಅಂದೆ.

ಅಲ್ಲಿಂದ ನಮ್ಮಿಬ್ಬರಿಗೂ ಸ್ನೇಹವಾಯಿತು.

ಮಿಸೆಸ್ ಲಾಥ್ರಾಪ್ ಒಂದು ವಸಂತದಲ್ಲಿ ತೀರಿಕೊಂಡರು. ಬಾಸ್ಟನ್ನಿನಲ್ಲಿದ್ದ ಅವರ ಅಣ್ಣನ ಮಗ ಮನೆಯನ್ನು ಮಾರಾಟಕ್ಕಿಟ್ಟ. ಮಾರಾಟವಾಗುವ ತನಕ ಧೂಳು ಒರೆಸಿಕೊಂಡಿರಲಿ ಎಂದು ಡಿಂಪ್ನಾಳನ್ನು ಉಳಿಸಿಕೊಂಡ. ಕ್ವೀನ್ಸಿನಲ್ಲಿ ಅವಳ ತಂಗಿ ಊನಾ ಇದ್ದಳು. ಅವಳೂ ಮನೆಕೆಲಸ ಮಾಡಿಯೇ ಸಣ್ಣದೊಂದು ಮನೆ ಕೊಂಡು, ಗಂಡ ಸತ್ತ ಮೇಲೆ ಒಂಟಿಯಾಗಿದ್ದಳು. ಅಕ್ಕನಿಗೆಂದು ಬಿಸಿಲು ಬೀಳುವ ಕೋಣೆಯೊಂದನ್ನು ತೆಗೆದಿಟ್ಟು, ಬಾ ಬಾ ಎಂದು ಗೋಗರೆಯುತ್ತಿದ್ದಳು. ಇವಳು ಹೊರಡುತ್ತಿರಲಿಲ್ಲ.

“ಮೇಡಂ ಕೊನೇಲಿ ನನ್ನ ಕೈ ಹಿಡ್ಕೊಂಡು ಅಂದ್ರು ಕಣೋ, ‘ಗುರುತಿಲ್ಲದವರ ಮಧ್ಯೆ ನನ್ನ ಬಿಟ್ಟು ಹೋಗಬೇಡ ಡಿಂಪ್ನಾ’ ಅಂತ.”

“ಮೇಡಂ ಈಗ ಸ್ಮಶಾನದಲ್ಲಿದಾರಲ್ಲ ಮಾರಾಯ್ತಿ. ಅಲ್ಲಿರೋರೆಲ್ಲ ಗುರುತಿಲ್ಲದವರೇ.”

ಅವಳಿಗೆ ನಗು ಬರಲಿಲ್ಲ.

ಮನೆ ತೋರಿಸುವುದಕ್ಕೆ ಮಿಸೆಸ್ ಟ್ರಾಸ್ಕ್ ಎಂಬ ದಳ್ಳಾಳಿ ಹೆಂಗಸು ಬರುತ್ತಿದ್ದಳು. ಗಿರಾಕಿಗಳು ಬರುವ ಮುಂಚೆ ಎಲ್ಲ ದೀಪ ಹಾಕಿ, ಹೂವಿಟ್ಟು, ಒಲೆಯಲ್ಲಿ ಸೇಬು ಮತ್ತು ಚಕ್ಕೆ ಬೇಯಲಿಟ್ಟು ಘಮ ಎಬ್ಬಿಸುತ್ತಿದ್ದಳು. ಡಿಂಪ್ನಾ ಕಾಣಿಸಬಾರದು ಎಂದು ಕಟ್ಟಪ್ಪಣೆ. ಮೊದಲ ಸಲ ಬಂದ ಗಂಡಹೆಂಡತಿ ಕೆಳಗಿಳಿಯುವಾಗ ಮಾತಾಡಿಕೊಂಡರು. ಲಿಫ್ಟಿನವನಿಗೆ ಕಿವಿ ಇಲ್ಲವೆಂದೇ ಇವರೆಲ್ಲ ತಿಳಿದಿರುತ್ತಾರೆ.

“ಆಯಮ್ಮ ಸತ್ತು ಎಷ್ಟೋ ದಿನ ಆಯ್ತು ಅಂದ್ರಲ್ಲ?”

“ಹೂಂ, ಯಾಕೆ?”

“ಹಾಸಿಗೆ ಬಿಚ್ಚಿಟ್ಟಿತ್ತು, ನೋಡಿದ್ರಾ? ಲೋಟದಲ್ಲಿ ನೀರಿತ್ತು. ತಾಜಾ ನೀರು.”

ಅವರು ಮತ್ತೆ ಬರಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಾ ಡಿಂಪ್ನಾಳಿಗೆ ಹೇಳಿದೆ. ಅವಳು ಪಾಪ ಅಭ್ಯಾಸಬಲದಿಂದ ಮಾಡಿದ್ದು. ಆದರೆ ನನ್ನ ಮಾತು ಕೇಳಿ ಅವಳ ಕಣ್ಣು ಸಣ್ಣದಾಯಿತು. ಅಂದಿನಿಂದ ಕೊಳ್ಳಲು ಬಂದವರನ್ನು ಓಡಿಸಲು ಬೇಕೆಂದೇ ಶುರುಮಾಡಿದಳು. ಜನ ಬರುವ ಸ್ವಲ್ಪ ಮುಂಚೆ ಹಾಸಿಗೆಯೊಳಗೆ ಬಿಸಿನೀರಿನ ಚೀಲ ಇಡುವುದು, ಲಿಫ್ಟು ಮೇಲೆ ಬರುವ ಸದ್ದಾದ ಕೂಡಲೇ ಅದನ್ನು ಎತ್ತಿಕೊಂಡು ಹಿಂದಿನ ಮೆಟ್ಟಿಲಿಗೆ ಜಾರುವುದು. ಒಬ್ಬ ಬ್ಯಾಂಕಿನವನ ಹೆಂಡತಿ ಹೊದಿಕೆಯ ಬಟ್ಟೆ ಚೆನ್ನಾಗಿದೆಯೆಂದು ಕೈಯಾಡಿಸಿದಳಂತೆ. ಒಳಗೆ ಬೆಚ್ಚಗಿತ್ತು, ಯಾರೋ ಈಗ ತಾನೇ ಎದ್ದು ಹೋದ ಹಾಗೆ. ಆಕೆ ಲಿಫ್ಟಿನಲ್ಲಿ ಉದ್ದಕ್ಕೂ ಆ ಕೈಯನ್ನು ಕೋಟಿಗೆ ಒರೆಸಿಕೊಳ್ಳುತ್ತಿದ್ದಳು.

“ನಿಂಗೆ ತಲೆ ಕೆಟ್ಟಿದೆ,” ಎಂದು ಬೈದೆ. “ಇರೋ ನಾಲ್ಕು ದಿನ ತಂಗಿ ಜೊತೆ ಬಿಸಿಲಲ್ಲಿ ಕೂತು ಕಳಿ.”

“ಮೇಡಂಗೆ ಕತ್ತಲೆ ಅಂದ್ರೆ ಭಯ,” ಅಂದಳು. ಸತ್ತವರ ಬಗ್ಗೆ ಮಾತಾಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ. ನನಗೆ ಆಗಲೇ ಸಣ್ಣಗೆ ದಿಗಿಲಾಯಿತು.

ಚಳಿಗಾಲದ ಮೊದಲಲ್ಲಿ ಬಿಸಿನೀರಿನ ಚೀಲ ಹಿಡಿದು ಓಡುವಾಗ ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಆಸ್ಪತ್ರೆಗೆ ಸೇರಿಸಿದೆವು. ಮನೆಗೆ ಬೀಗ ಬಿತ್ತು, ಲಿಫ್ಟಿನ ಕಡೆಯ ಕೀಲಿ ಮಾತ್ರ ನನ್ನ ಹತ್ತಿರ ಉಳಿಯಿತು. ಮಿಸೆಸ್ ಟ್ರಾಸ್ಕ್‌ಗೆ ಎಲ್ಲಿಲ್ಲದ ಖುಷಿ.

ಆ ಖಾಲಿ ಮನೆಯಿಂದ ಲಿಫ್ಟು ಕರೆಯುವ ಗಂಟೆ ಬರತೊಡಗಿದ್ದು ಆಮೇಲೆ. ನಟ್ಟನಡು ಮಧ್ಯಾಹ್ನ, ಲಿಫ್ಟಿನ ಫಲಕದಲ್ಲಿ ಒಂಬತ್ತರ ಗುರುತು ಬೀಳುತ್ತಿತ್ತು. ಮೇಲೆ ಹೋಗಿ ಬಾಗಿಲು ಸರಿಸಿದರೆ ಹಾಲಿನಲ್ಲಿ ಯಾರೂ ಇಲ್ಲ. ಒಂದು ಸಲ ಅಡುಗೆಮನೆಯ ಕಡೆ ನೀರು ಸುರಿಯುವ ಸದ್ದು ಕೇಳಿ ಒಳಗೆ ಹೋದೆ. ನಲ್ಲಿ ಪೂರ್ತಿ ತೆರೆದಿತ್ತು. ಎಲ್ಲ ಕಪಾಟುಗಳ ಬಾಗಿಲೂ ತೆರೆದಿದ್ದವು, ಮೇಲಿನದು, ಕೆಳಗಿನದು, ಪೊರಕೆ ಇಡುವುದು ಸಹ. ನೆಲದ ಮೇಲೆ ಸಕ್ಕರೆ ಚೆಲ್ಲಿತ್ತು, ಒಡೆದ ಕಪ್ಪಿನ ಚೂರುಗಳಿದ್ದವು. ಕಳ್ಳ ಬಂದಿದ್ದರೆ ಬೆಳ್ಳಿ ಹುಡುಕುತ್ತಿದ್ದ. ಇದು ಯಾರೋ ಯಾವ ವಸ್ತು ಎಲ್ಲಿದೆ ಎಂದು ತಿಳಿಯದೆ ತಡಕಾಡಿದ ಹಾಗಿತ್ತು. ಗುಡಿಸಿ, ನಲ್ಲಿ ತಿರುಗಿಸಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಓಡಿಬಂದೆ. ಮಿಸೆಸ್ ಟ್ರಾಸ್ಕ್‌ಗೆ ಹೇಳಿದರೆ ಇಲಿ ಅಂದಳು. ನಲ್ಲಿ ತಿರುಗಿಸುವ ಇಲಿಯನ್ನು ನಾನಂತೂ ಕಂಡಿಲ್ಲ.

ಆಸ್ಪತ್ರೆಯಲ್ಲಿ ಡಿಂಪ್ನಾ ಮೆತ್ತಗಾದಳು. ಊನಾ ದಿನಾ ಸೂಪು ತಂದು ಕುಡಿಸಿ, ತಲೆ ಬಾಚಿ, ಕೊನೆಗೂ ಒಪ್ಪಿಸಿದಳು. ಬಿಡುಗಡೆಯಾದ ದಿನ ಇಬ್ಬರೂ ಟ್ಯಾಕ್ಸಿಯಲ್ಲಿ ನಮ್ಮ ಬಾಗಿಲಿಗೆ ಬಂದರು. ಡಿಂಪ್ನಾಳ ಬಟ್ಟೆಬರೆ ತೆಗೆದುಕೊಂಡು ನೇರವಾಗಿ ಕ್ವೀನ್ಸಿಗೆ ಹೋಗುವುದೆಂದು ಮಾತಾಗಿತ್ತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಊನಾ ಟ್ಯಾಕ್ಸಿಯ ಹತ್ತಿರವೇ ನಿಂತಳು.

“ಬೇಗ ಬಾರೇ, ಹಂದಿಮಾಂಸ, ಎಲೆಕೋಸು ಬೇಯಿಸಿಟ್ಟು ಬಂದಿದೀನಿ,” ಅಂದಳು.

ಕೋಲೂರಿಕೊಂಡು ಹಿಂದಿನ ಮೆಟ್ಟಿಲ ಕಡೆ ತಿರುಗಿದವಳನ್ನು ನಾನು ಮುಂದಿನ ಲಿಫ್ಟಿಗೆ ಹತ್ತಿಸಿದೆ. ಅವಳ ಜೀವಮಾನದಲ್ಲಿ ಮೊದಲ ಸಲ.

“ಮೇಡಂ ನೋಡಿದ್ರೆ?”

“ನೋಡ್ಲಿ ಬಿಡು.”

ಮನೆ ತಣ್ಣಗಿತ್ತು. ದೊಡ್ಡ ಕೋಣೆಗಳನ್ನು ದಾಟುವಾಗ ಅವಳು ಪಾರ್ಕಿನ ಕಡೆ ತಿರುಗಿಯೂ ನೋಡಲಿಲ್ಲ. ಅಡುಗೆಮನೆ ದಾಟಿ ತನ್ನ ಕೋಣೆಯ ಬಾಗಿಲು ತಳ್ಳಿದವಳು ಅಲ್ಲೇ ನಿಂತಳು. ನಾನು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದೆ.

ಅವಳ ಕಬ್ಬಿಣದ ಮಂಚದ ಮೇಲೆ ಯಾರೋ ಹಾಸಿಗೆ ಬಿಚ್ಚಿಟ್ಟಿದ್ದರು. ಎಂಥ ಅವತಾರ ಅಂತೀರಿ! ಹೊದಿಕೆಯನ್ನು ಗೋಡೆಯ ಕಡೆಗೆ ಮಡಿಸಿದ್ದರು, ಆ ಕಡೆಯಿಂದ ಹಲ್ಲಿಯೂ ಹತ್ತುವಂತಿರಲಿಲ್ಲ. ಹಾಸು ಬಟ್ಟೆ ತಿರುಗುಮುರುಗಾಗಿತ್ತು. ದಿಂಬು ಕಾಲಿನ ಕಡೆಗಿತ್ತು. ಪಕ್ಕದ ಕುರ್ಚಿಯ ಮೇಲೆ ಅತಿಥಿಗಳಿಗೆಂದು ಇಟ್ಟಿದ್ದ ಚಿನ್ನದ ಅಂಚಿನ ಕಪ್ಪು. ತಣ್ಣೀರಿನ ಮೇಲೆ ಒಂದು ಹಿಡಿ ಟೀ ಎಲೆ ತೇಲುತ್ತಿತ್ತು.

“ಮಿಸೆಸ್ ಟ್ರಾಸ್ಕ್ ಯಾರನ್ನೋ ಕೆಲಸಕ್ಕೆ ಕರೆಸಿರಬೇಕು,” ಅಂದೆ. ನನ್ನ ದನಿ ನನಗೇ ಸುಳ್ಳೆನಿಸಿತು.

“ಕೆಲಸದವರು ಹೀಗೆ ಮಾಡ್ತಾರೇನೋ? ಇದು ಯಾವತ್ತೂ ಮಾಡದೇ ಇರೋರ ಕೈ.” ಅವಳ ಮುಖ ಮದುವಣಗಿತ್ತಿಯ ಮುಖದಂತಾಗಿತ್ತು. “ನೋಡು, ಪಾಪ, ಒಲೆ ಹಚ್ಚೋಕೆ ಬಂದಿಲ್ಲ.”

“ಡಿಂಪ್ನಾ, ಬಾ ಹೋಗೋಣ. ಬಟ್ಟೆ ನಾನು ಆಮೇಲೆ ತಂದುಕೊಡ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ, ಬಾ.”

ಅವಳ ತೋಳು ಹಿಡಿದು ಎಳೆದೆ. ಅವಳು ಕೊಸರಿಕೊಳ್ಳಲೂ ಇಲ್ಲ, ಕದಲಲೂ ಇಲ್ಲ. ಮಂಚದ ಮೇಲೆ ಕೂತು, ಬೂಟು ಬಿಚ್ಚಿದಳು. ಆ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಎಲೆಯನ್ನು ಊದಿ ಪಕ್ಕಕ್ಕೆ ಸರಿಸಿ, ಒಂದು ಗುಟುಕು ಕುಡಿದಳು.

“ತುಂಬಾ ಚೆನ್ನಾಗಿದೆ ಮೇಡಂ,” ಅಂದಳು, ನನ್ನ ಕಡೆ ನೋಡದೆ. ಆಮೇಲೆ ನನಗೆ: “ಟ್ಯಾಕ್ಸಿ ಕಳಿಸಿಬಿಡು ಅಂತ ಊನಾಗೆ ಹೇಳಪ್ಪ.”

ಬದುಕಿದ್ದಾಗ ಒಂದು ಲೋಟ ನೀರು ಕೊಡದ ಹೆಂಗಸು, ಸತ್ತ ಮೇಲೆ ತನಗೆ ಒಂಟಿಯೆನಿಸಿತೆಂದು ಹಾಸಿಗೆ ಬಿಚ್ಚಿಟ್ಟು ಕರೆಯುತ್ತಾಳೆ. ನನಗೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬಂತು. ಆದರೆ ಯಾರ ಮೇಲೆ ಕೂಗಾಡಲಿ, ಆ ಕೋಣೆಯಲ್ಲಿ ನನ್ನ ಕಣ್ಣಿಗೆ ಕಾಣುತ್ತಿದ್ದವಳು ಡಿಂಪ್ನಾ ಒಬ್ಬಳೇ.

ಕೆಳಗೆ ಊನಾ ಟ್ಯಾಕ್ಸಿಯ ಬಾಗಿಲು ತೆರೆದು ಹಿಡಿದುಕೊಂಡಿದ್ದಳು. ನನ್ನ ಬರಿಗೈ ನೋಡಿದಳು.

“ಬರಲ್ವಂತಾ?”

“ಇಲ್ವಂತೆ. ಮೇಡಂ ಹಾಸಿಗೆ ಬಿಚ್ಚಿಟ್ಟಿದಾರಂತೆ. ಟೀನೂ ಮಾಡಿಟ್ಟಿದಾರಂತೆ.”

ಅವಳು ನನ್ನನ್ನು ಹುಚ್ಚ ಎನ್ನುವಳೆಂದುಕೊಂಡೆ. ಅನ್ನಲಿಲ್ಲ. ತಲೆಯೆತ್ತಿ ಕಟ್ಟಡದ ಮೇಲಿನ ಕಿಟಕಿಗಳನ್ನು ಬಹಳ ಹೊತ್ತು ನೋಡಿದಳು. ಮೂರು ಮನೆಗಳಲ್ಲಿ ಪರರ ಹಾಸಿಗೆ ಹಾಸಿ ಸವೆದ ಕೈಗಳಿಂದ ಕೋಟಿನ ಗುಂಡಿ ಹಾಕಿಕೊಂಡಳು.

“ನಾನೂ ಅವಳಿಗೆ ಹಾಸಿಗೆ ಹಾಸಿಟ್ಟಿದ್ದೆ ಎಲಿಸಿಯೊ,” ಅಂದಳು. “ಆದ್ರೆ ನಾನು ಮೇಡಂ ಅಲ್ವಲ್ಲ.”

ಟ್ಯಾಕ್ಸಿ ಹತ್ತಿ ಒಬ್ಬಳೇ ಹೋದಳು.